ಕಾರಿಗೆ ಮೈಕಟ್ಟೋ, ಮೈಮಾಟವೋ? ಹಳೆಯ ಮಸ್ಟಾಂಗ್, ಕಮಾರೊ, ಚಾರ್ಜರ್‌ಗಳಿಗೆ ಕನ್ನಡ ಪದ ಹುಡುಕುತ್ತಾ

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳೋಣ ಅಂತ ಕೂತೆ. ಬರೆಯುತ್ತಾ ಹೋದ ಹಾಗೆ ಅದು ಏಳೆಂಟು ಪದ ಆಗಿದೆ. ಪುರುಸೊತ್ತು ಇದ್ದವರು ದಯವಿಟ್ಟು ಓದಿ ಹೇಳಿ.

ನಾನಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಇಲ್ಲಿ ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ಮೆರವಣಿಗೆ ಇರುತ್ತದೆ. 1995ರಲ್ಲಿ ಶುರುವಾದದ್ದು, ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ ಹೆಸರು. ಊರಿಂದ ಬಂದಿದ್ದ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ತಿಪಟೂರಿನಲ್ಲಿ ಮೂವತ್ತು ವರ್ಷ ಟಿಂಕರಿಂಗ್ ಶೆಡ್ ನಡೆಸಿದವರು. ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೆವು. 1968ರ ಡಾಡ್ಜ್ ಚಾರ್ಜರ್ ಒಂದು ಗುಡುಗುಡು ಅಂತ ನಮ್ಮ ಮುಂದೆ ಹಾದು ಹೋಯಿತು. ಅಪ್ಪ ಅದರ ಹಿಂಭಾಗವನ್ನೇ ನೋಡ್ತಾ ಅಂದರು: "ಅದರ ಚಪ್ಪೆ ನೋಡ್ಲಾ. ಸಿದ್ಧಗಂಗೆ ಜಾತ್ರೇಲಿ ಹಳ್ಳಿಕಾರ್ ಹೋರಿ ನಿಂತಂಗೈತೆ."

ಅಲ್ಲಿಂದ ನನ್ನ ತಾಪತ್ರಯ ಶುರು. ನಮ್ಮ ಕಡೆಯ ಕನ್ನಡಿಗರು ತರುವ ಸಂಚಿಕೆಗೆ, ಇಂಗ್ಲಿಷಿನಲ್ಲಿ ಮಸಲ್ ಕಾರ್ ಅನ್ನುವ ಈ ಕಾರುಗಳ ಬಗ್ಗೆ ಒಂದು ಲೇಖನ ಒಪ್ಪಿಕೊಂಡಿದ್ದೆ. ಆಗಲೇ ಅರ್ಧ ಬರೆದಾಗಿತ್ತು. ತಲೆಬರಹ ಹೀಗಿತ್ತು: ‘ಅಮೆರಿಕದ ಸ್ನಾಯು ಕಾರುಗಳ ವಿವಿಧ ಪೀಳಿಗೆಗಳ ವಿನ್ಯಾಸ: ಒಂದು ತೌಲನಿಕ ನೋಟ’. ರಾತ್ರಿ ಅಪ್ಪನಿಗೆ ಓದಿ ಹೇಳಿದೆ. "ಇದು ಯಾವ ಇಲಾಖೆ ಸುತ್ತೋಲೆ?" ಅಂದರು. ಆ ತಲೆಬರಹದ ಒಂದೊಂದು ಪದವನ್ನೂ ಈಗ ಕಿತ್ತು ಹಾಕಿದ್ದೇನೆ. ಬದಲಿಗೆ ಏನು ಇಡಲಿ ಅನ್ನುವುದೇ ಪ್ರಶ್ನೆ.

ಮೊದಲು ‘ವಿನ್ಯಾಸ’ದ ಜಗಳ. ವಿನ್ಯಾಸ ಎಂಜಿನ್ನಿಗೂ ಆಗುತ್ತದೆ, ಸೇತುವೆಗೂ ಆಗುತ್ತದೆ, ಸೀರೆಯ ಅಂಚಿಗೂ ಆಗುತ್ತದೆ. ಸ್ಟೈಲಿಂಗ್ ಅನ್ನುವುದು ಬರೀ ಕಣ್ಣಿಗೆ ಬೀಳುವ ತಗಡಿನ ಮಾತು. ಡೆಟ್ರಾಯಿಟ್‌ನಲ್ಲಿ ಇವೆರಡೂ ಬೇರೆ ಬೇರೆಯವರ ಕೆಲಸ. ಜನರಲ್ ಮೋಟರ್ಸ್ 1927ರಲ್ಲಿ ಹಾರ್ಲಿ ಅರ್ಲ್ ಅವರ ಕೈಗೆ ಒಂದು ವಿಭಾಗ ಕೊಟ್ಟಾಗ ಅದರ ಹೆಸರು ‘ಆರ್ಟ್ ಅಂಡ್ ಕಲರ್’ ಅಂತಿತ್ತು. ಹತ್ತು ವರ್ಷ ಕಳೆದ ಮೇಲೆ ಅದೇ ‘ಸ್ಟೈಲಿಂಗ್’ ಆಯಿತು. ಎಂಜಿನ್ ಮಾಡುವವರಿಗೂ ಇವರಿಗೂ ಅಷ್ಟಕ್ಕಷ್ಟೆ. ಎರಡಕ್ಕೂ ‘ವಿನ್ಯಾಸ’ ಅಂತ ಒಂದೇ ಹೊದಿಕೆ ಹೊದಿಸಿದರೆ ಆ ಜಗಳವೇ ಕಾಣೆಯಾಗುತ್ತದೆ.

ನನಗೆ ಹೊಳೆದದ್ದು ಎರಡು ಪದ. ಮೈಕಟ್ಟು, ಮೈಮಾಟ. ಎರಡನ್ನೂ ನಿಘಂಟು ಹೆಚ್ಚುಕಡಿಮೆ ಒಂದೇ ಥರ ಬಿಡಿಸುತ್ತದೆ. ಆದರೆ ಬಳಕೆಯಲ್ಲಿ ಬೇರೆ ಅಲ್ವಾ? ಮೈಕಟ್ಟು ನಾವು ಹೇಳುವುದು ಗರಡಿಯ ಹುಡುಗನಿಗೆ, ಉಳುವ ಎತ್ತಿಗೆ. ಅಲ್ಲಿ ಕಣ್ಣು ಒಂದೊಂದು ಕಡೆಯೂ ನಿಲ್ಲುತ್ತದೆ. ಭುಜ ಬೇರೆ ಕಾಣುತ್ತದೆ, ತೊಡೆ ಬೇರೆ ಕಾಣುತ್ತದೆ. ಮೈಮಾಟ ಅಂದಾಗ ಕಣ್ಣು ಎಲ್ಲೂ ನಿಲ್ಲದೆ ಜಾರಿಕೊಂಡು ಹೋಗುತ್ತದೆ. ಒಂದೇ ಗೆರೆ, ತಲೆಯಿಂದ ಕಾಲಿನವರೆಗೆ.

ಇದು ಸುಮ್ನೆ ಪದದಾಟ ಅಲ್ಲ. ಜನರಲ್ ಮೋಟರ್ಸ್‌ನ ಷೆವರ್ಲೆ ಕಮಾರೊದ ಮೊದಲ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು 1967ರಿಂದ 1969ರವರೆಗಿನದು. ಅದರಲ್ಲೂ 1969ರ ಕಾರು. ಚಕ್ರದ ಕಮಾನಿನ ಮೇಲಿಂದ ಹಿಂದಕ್ಕೆ ಎಳೆದ ಗೆರೆಗಳಿವೆ, ಮುಂದೆ ಎರಡು, ಹಿಂದೆ ಎರಡು. ತಗಡನ್ನು ಒಳಗಿಂದ ಯಾರೋ ತಳ್ಳಿ ನಿಲ್ಲಿಸಿದ ಹಾಗೆ. ಕಾರು ನಿಂತಿದ್ದರೂ ತೋಳು ಮಡಚಿದ ಹಾಗಿದೆ. ಇದು ಮೈಕಟ್ಟು. ಎರಡನೆಯದು 1970ರ ಫೆಬ್ರವರಿಯಲ್ಲಿ ಬಂತು. ಬಿಲ್ ಮಿಚೆಲ್ ಆಗ ಜನರಲ್ ಮೋಟರ್ಸ್‌ನ ಸ್ಟೈಲಿಂಗ್ ಯಜಮಾನರು. ಈ ಕಾರಿನ ಮೇಲೆ ಇಟಲಿಯ ಕಾರುಗಳ ನೆರಳು ಎದ್ದು ಕಾಣುತ್ತದೆ. ಬಾಗಿಲು ಉದ್ದವಾಯಿತು. ಹಿಂದಿನ ಸಣ್ಣ ಕಿಟಕಿ ಹೋಯಿತು. ಮೇಲ್ಭಾಗ ತೆಗೆಯುವ ಮಾದರಿಯೂ ಹೋಯಿತು. ಮೂಗಿನಿಂದ ಹೊರಟ ಗೆರೆ ಬಾಲದವರೆಗೂ ಕಡಿಯುವುದಿಲ್ಲ. ಇದು ಮೈಮಾಟ. ಒಂದೇ ಹೆಸರು, ಒಂದೇ ಕಂಪನಿ, ನಡುವೆ ಕೆಲವೇ ತಿಂಗಳು. ಆದರೂ ಒಂದರ ಪದ ಇನ್ನೊಂದಕ್ಕೆ ಒಪ್ಪುವುದಿಲ್ಲ.

ಅಪ್ಪನ ಹತ್ತಿರ ಇದನ್ನೇ ಹೇಳಿದೆ. ಅವರು ಪದದ ಗೋಜಿಗೆ ಹೋಗಲಿಲ್ಲ, ಸುತ್ತಿಗೆಯ ಕಡೆಯಿಂದ ಹೇಳಿದರು. "ಗೆರೆ ಇದ್ರೆ ಕಣ್ಣು ಅಲ್ಲೇ ನಿಂತ್ಕೊತೈತೆ, ಸಣ್ಣಪುಟ್ಟ ಗುಳಿ ಕಾಣಕ್ಕಿಲ್ಲ. ಗೆರೆ ಇಲ್ದಿರೋ ತಗಡಲ್ಲಿ ಕಾಳಿನಷ್ಟು ಗುಳಿ ಬಿದ್ರೂ ಬೆಳಕು ಹೇಳ್ಬಿಡ್ತೈತೆ." ನನ್ನ ಎರಡು ಪ್ಯಾರಾ ಅವರ ಎರಡು ವಾಕ್ಯದಲ್ಲಿ ಮುಗಿಯಿತು.

ಈಗ ಆಕ್ಷೇಪಗಳು. ‘ಮೈಮಾಟ’ ಅಂದರೆ ಸಿನಿಮಾ ಪತ್ರಿಕೆಯ ವಾಸನೆ ಬರುತ್ತದೆ ಅಂತ ನನ್ನ ಹೆಂಡತಿಯ ದೂರು. ನಟಿಯರ ಬಗ್ಗೆ ಬಾಯಿ ಚಪ್ಪರಿಸಿ ಬರೆಯುವವರು ಆ ಪದವನ್ನು ಕೆಡಿಸಿಟ್ಟಿದ್ದಾರೆ, ನಿಜ. ಬರೀ ‘ಮಾಟ’ ಅಂತ ಇಡೋಣ ಅಂದುಕೊಂಡೆ. ‘ಮಾಟವಾದ ಮೂಗು’ ಅನ್ನುವುದು ಈಗಲೂ ಕೇಳಿಬರುತ್ತದೆ. ಆದರೆ ‘ಕಾರಿನ ಮಾಟ’ ಅಂತ ಬರೆದರೆ ಓದುಗರು ಬಂಪರಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ಹುಡುಕುತ್ತಾರೆ. ನೀವೇನಂತೀರಿ?

ಅಂದ ಹಾಗೆ ಕಮಾರೊ ಅನ್ನುವ ಹೆಸರಿನ ಕಥೆ ಪದಪ್ರಿಯರಿಗೆ ಇಷ್ಟವಾಗಬಹುದು. ಅದು ಫ್ರೆಂಚ್ ಆಡುಮಾತಿನಲ್ಲಿ ಗೆಳೆಯ ಅಂತ ಕಂಪನಿ ಹೇಳಿಕೊಂಡಿತು. ಕಮಾರೊ ಅಂದರೇನು ಅಂತ ಪತ್ರಕರ್ತರು ಕೇಳಿದಾಗ, ಮಸ್ಟಾಂಗ್‌ಗಳನ್ನು ತಿನ್ನುವ ಒಂದು ಸಣ್ಣ ಕ್ರೂರ ಪ್ರಾಣಿ ಅಂತ ಉತ್ತರ ಬಂತು. ಮಸ್ಟಾಂಗ್ ಎದುರಾಳಿ ಫೋರ್ಡ್‌ನ ಕಾರು. ಪದದ ಅರ್ಥ ಗೊತ್ತಿಲ್ಲದಿದ್ದರೆ ಹೀಗೆ ನಿಭಾಯಿಸಬೇಕು.

ಎರಡನೇ ಪ್ರಶ್ನೆ, ಪೀಳಿಗೆಯೋ ತಲೆಮಾರೋ? ಇದರಲ್ಲಿ ನನಗೆ ಹೆಚ್ಚು ಅನುಮಾನ ಇಲ್ಲ. ಪೀಳಿಗೆ ಅಂದರೆ ಒಂದೇ ವಯಸ್ಸಿನವರ ಗುಂಪು. ‘ನಮ್ಮ ಪೀಳಿಗೆಗೆ ಅದು ಗೊತ್ತಿರಲಿಲ್ಲ’ ಅನ್ನುತ್ತೇವೆ. ತಲೆಮಾರು ಅಂದರೆ ವಂಶದಲ್ಲಿ ಎಣಿಸುವುದು. ಏಳು ತಲೆಮಾರು ಕೂತು ತಿಂದರೂ ಕರಗದ ಆಸ್ತಿ ಇರುತ್ತದೆ, ಏಳು ಪೀಳಿಗೆಯ ಆಸ್ತಿ ಅಂತ ನಾನು ಕೇಳಿಲ್ಲ. ಕಾರುಗಳನ್ನು ಮೊದಲನೆಯದು, ಎರಡನೆಯದು ಅಂತ ಎಣಿಸುತ್ತೇವೆ. ಹಾಗಾಗಿ ತಲೆಮಾರು.

ತೊಂದರೆ ಇರುವುದು ಅದರ ಒಳಗೆ. ಫೋರ್ಡ್ ಮಸ್ಟಾಂಗ್ ತೆಗೆದುಕೊಳ್ಳಿ. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್‌ನ ವಿಶ್ವಮೇಳದಲ್ಲಿ ತೆರೆ ಸರಿಸಿದರು. ಮೊದಲ ದಿನವೇ ಸುಮಾರು 22,000 ಜನ ಬುಕ್ ಮಾಡಿದರು. ಆವತ್ತಿನಿಂದ 1973ರವರೆಗೆ ಎಲ್ಲವೂ ಲೆಕ್ಕದಲ್ಲಿ ಒಂದೇ ತಲೆಮಾರು, ಮೊದಲನೆಯದು. ಆದರೆ 1965ರ ಕಾರನ್ನೂ 1971ರ ಕಾರನ್ನೂ ಒಟ್ಟಿಗೆ ನಿಲ್ಲಿಸಿದರೆ ಅಣ್ಣ ತಮ್ಮ ಅಂತ ಯಾರೂ ಒಪ್ಪುವುದಿಲ್ಲ. 1971ರದ್ದು ಸುಮಾರು 8 ಇಂಚು ಉದ್ದ, ಸುಮಾರು 6 ಇಂಚು ಅಗಲ ಜಾಸ್ತಿ. ಮೊದಲನೆಯದು ಚುರುಕು ಹುಡುಗ. ಇದು ಮದುವೆಯಾಗಿ ಹತ್ತು ವರ್ಷ ಆದವನು. ನಡುವೆ 1969ರಲ್ಲಿ ಮುಂದೆ ನಾಲ್ಕು ದೀಪ ಬಂದವು, 1970ರಲ್ಲಿ ಮತ್ತೆ ಎರಡಾದವು. ದೀಪ ಇದ್ದ ಜಾಗದಲ್ಲಿ ಮೀನಿನ ಕಿವಿರಿನ ಹಾಗೆ ಸೀಳುಗಳನ್ನು ಇಟ್ಟರು.

ಹೀಗೆ ವರ್ಷ ವರ್ಷ ಮುಖ ಬದಲಿಸುವುದು ಡೆಟ್ರಾಯಿಟ್‌ನ ಹಳೇ ಚಾಳಿ. ಪ್ರತಿ ಶರತ್ಕಾಲಕ್ಕೆ ಹೊಸ ಮಾದರಿ ಬರಲೇಬೇಕು, ಪಕ್ಕದ ಮನೆಯವನಿಗೆ ಹೊಟ್ಟೆ ಉರಿಯಲೇಬೇಕು. ಇದಕ್ಕೆ ನಾನು ಇಟ್ಟುಕೊಂಡ ಪದ ‘ವೇಷ’. ಯಕ್ಷಗಾನದಲ್ಲಿ ಆಳು ಅವನೇ, ಇವತ್ತು ಒಂದು ವೇಷ, ನಾಳೆ ಇನ್ನೊಂದು. ‘ಮೊದಲ ತಲೆಮಾರಿನ ಮಸ್ಟಾಂಗ್‌ನ 1969ರ ವೇಷ’ ಅಂದರೆ ಗೊಂದಲ ಇಲ್ಲ. ಚಾರ್ಜರ್‌ಗೂ ಸರಿಹೊಂದುತ್ತದೆ. ಅದರ ಎರಡನೇ ತಲೆಮಾರು ಬರೀ ಮೂರು ವರ್ಷ, ಮೂರು ವೇಷ. 1968ರಲ್ಲಿ ಹಿಂದೆ ಗುಂಡನೆಯ ಜೋಡಿ ದೀಪ. 1969ರಲ್ಲಿ ಉದ್ದುದ್ದ ದೀಪ, ಮುಂದಿನ ಗ್ರಿಲ್ ನಡುವೆ ಒಂದು ಅಡ್ಡಗೋಡೆ. 1970ರಲ್ಲಿ ಇಡೀ ಮುಖದ ಸುತ್ತ ಕ್ರೋಮ್ ಬಂಪರ್, ಬಾಯಿಗೆ ಕಟ್ಟು ಹಾಕಿದ ಹಾಗೆ. ‘ವೇಷ’ಕ್ಕೆ ಕಪಟದ ಅರ್ಥವೂ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಇರಲಿ. ಕಾರು ಮಾರುವವರಿಗೆ ಅಷ್ಟು ಕಪಟ ಹೊಂದುತ್ತದೆ.

ಮೂರನೆಯದು ‘ಸ್ನಾಯು ಕಾರು’. ಇದನ್ನು ಓದಿದವರು ಮೂಳೆ ಡಾಕ್ಟರ ಹತ್ತಿರ ಹೋಗುತ್ತಾರೆ. ‘ಕಟ್ಟುಮಸ್ತು ಕಾರು’ ಪರವಾಗಿಲ್ಲ, ಸ್ವಲ್ಪ ಉದ್ದ. ನನ್ನ ಮನಸ್ಸು ‘ಜಟ್ಟಿ’ ಕಡೆ ವಾಲಿದೆ. ಮೈಸೂರಿನ ದಸರೆಗೆ ವಜ್ರಮುಷ್ಟಿ ಕಾಳಗ ಆಡುವವರು ನೆನಪಾದರೆ ತಪ್ಪೇನಿಲ್ಲ. ಜಟ್ಟಿಗೆ ಬರೀ ಮೈ ಇದ್ದರೆ ಸಾಲದು, ಒಳಗೆ ಬಲ ಇರಬೇಕು. ಈ ಕಾರುಗಳ ಅರ್ಥವೂ ಅದೇ. ಮಧ್ಯಮ ಅಳತೆಯ ಸಾಧಾರಣ ಕಾರಿಗೆ ದೊಡ್ಡ ಕಾರಿನ ಎಂಜಿನ್ ತುರುಕುವುದು. 1964ರ ಪಾಂಟಿಯಾಕ್ ಜಿಟಿಒ ಹುಟ್ಟಿದ್ದೇ ಹಾಗೆ. ಇಂಥ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಪಾಂಟಿಯಾಕ್‌ನ ಒಡೆಯರಾದ ಜನರಲ್ ಮೋಟರ್ಸ್‌ನದ್ದೇ ಕಟ್ಟಳೆ ಇತ್ತು. ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಜೊತೆಯವರು ಜಿಟಿಒವನ್ನು ಹೊಸ ಮಾದರಿ ಅಂತ ತೋರಿಸಲೇ ಇಲ್ಲ. ತಮ್ಮದೇ ಟೆಂಪೆಸ್ಟ್ ಲೆಮಾನ್ಸ್ ಕಾರು ಕೊಳ್ಳುವವರು ಬೇಕಾದರೆ ಸೇರಿಸಿಕೊಳ್ಳುವ ಬಾಬ್ತು ಅಂತ ಮಾಡಿ 389 ಘನ ಇಂಚಿನ ವಿ8 ಎಂಜಿನ್ ಒಳಗೆ ಸೇರಿಸಿಬಿಟ್ಟರು. ಮೊದಲ ವರ್ಷವೇ 32,450 ಹೋದವು.

ಹಾಗೆ ನೋಡಿದರೆ ಎಲ್ಲ ಮಸ್ಟಾಂಗೂ ಜಟ್ಟಿ ಅಲ್ಲ. ಫಾಲ್ಕನ್ ಅನ್ನುವ ಸಾಧು ಕಾರಿನ ಅಡಿಪಾಯದ ಮೇಲೆ ಕಟ್ಟಿದ್ದು ಅದು. ಶುರುವಿನ ಮಾದರಿಯಲ್ಲಿ ಇದ್ದದ್ದು ಆರು ಸಿಲಿಂಡರಿನ ಎಂಜಿನ್, ನೂರೊಂದು ಅಶ್ವಶಕ್ತಿ. ಮಸ್ಟಾಂಗ್‌ನಿಂದಲೇ ಈ ಜಾತಿಗೆ ಪೋನಿ ಕಾರ್ ಅಂತ ಬೇರೆ ಹೆಸರು ಬಂತು. ಇದಕ್ಕೆ ‘ಮರಿಗುದುರೆ’ ಅಂತ ಬರೆದವರಿದ್ದಾರೆ. ಆದರೆ ಪೋನಿ ಮರಿಯಲ್ಲ, ಗಿಡ್ಡ ತಳಿ. ‘ತಟ್ಟು’ ಅನ್ನಬಹುದಿತ್ತು. ಆದರೆ ತಟ್ಟು ಕುದುರೆ ಅಂದರೆ ಸಂತೆಗೆ ಮೂಟೆ ಹೊರುವ ಬಡಪಾಯಿ ಕಣ್ಣಿಗೆ ಬರುತ್ತದೆ. ಪೋನಿಯನ್ನು ಹಾಗೇ ಬಿಟ್ಟೆ.

ಇಲ್ಲಿ ನಮ್ಮ ಕಾಂಟೆಸಾ ಮಾತು ಬರಲೇಬೇಕು. ಅಪ್ಪನ ಮನಸ್ಸಿನಲ್ಲಿ ಈ ಎಲ್ಲ ಕಾರುಗಳೂ ಕಾಂಟೆಸಾದ ನೆಂಟರು. ‘ಭಾರತದ ಮಸಲ್ ಕಾರ್’ ಅಂತ ಅದನ್ನು ಕರೆಯುವವರು ಬಹಳ ಜನ. ಅದರ ಮೂಲ ಅಮೆರಿಕವಲ್ಲ, ಇಂಗ್ಲೆಂಡಿನ 1970ರ ದಶಕದ ವಾಕ್ಸಾಲ್. ಆ ಕಂಪನಿ ಮಾತ್ರ ಜನರಲ್ ಮೋಟರ್ಸ್ ಕೈಯಲ್ಲಿತ್ತು, ಹಾಗಾಗಿ ಅಪ್ಪನ ನೆಂಟಸ್ತಿಕೆ ಪೂರ್ತಿ ಸುಳ್ಳಲ್ಲ. 1984ರಲ್ಲಿ ಹಿಂದೂಸ್ತಾನ್ ಮೋಟರ್ಸ್ ಅದನ್ನು ತಂದಾಗ ಒಳಗಿದ್ದದ್ದು ಅಂಬಾಸಡರ್‌ನ ಒಂದೂವರೆ ಲೀಟರ್ ಎಂಜಿನ್. ಮೈಕಟ್ಟು ಪೈಲ್ವಾನನದು, ಉಸಿರು ಮುದುಕನದು. ಆಮೇಲೆ ಇಸುಜು ಎಂಜಿನ್ ಬಂದು ಸ್ವಲ್ಪ ಮಾನ ಉಳಿಯಿತು. ಅಂದರೆ ನಮ್ಮಲ್ಲಿ ಮಸಲ್ ಕಾರ್ ಅನ್ನುವ ಪದದ ಅರ್ಥವೇ ಬೇರೆ. ಅಲ್ಲಿ ಎಂಜಿನ್ನಿನ ಮಾತು, ಇಲ್ಲಿ ಬರೀ ಆಕಾರದ ಮಾತು. ಹಾಗಿದ್ದರೆ ‘ಜಟ್ಟಿ ಕಾರು’ ಅಂದಾಗ ಕನ್ನಡದ ಓದುಗರಿಗೆ ಯಾವುದು ಹೊಳೆಯುತ್ತದೆ? ಇದು ನಿಜವಾಗಿಯೂ ನಿಮ್ಮನ್ನು ಕೇಳುತ್ತಿರುವ ಪ್ರಶ್ನೆ.

ಇನ್ನು ಕೋಕ್ ಬಾಟಲಿಯ ಆಕಾರ. 1960ರ ದಶಕದ ಅಮೆರಿಕನ್ ಕಾರಿನ ಬಗ್ಗೆ ಬರೆಯುವಾಗ ಇದನ್ನು ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಮುಂಚಕ್ರದ ಹತ್ತಿರ ಉಬ್ಬು, ಬಾಗಿಲ ಹತ್ತಿರ ಒಳಕ್ಕೆ, ಹಿಂಚಕ್ರದ ಮೇಲೆ ಮತ್ತೆ ಉಬ್ಬು. ಇದು ಶುರುವಾದದ್ದು ವಿಮಾನದಿಂದ ಅನ್ನುವುದು ಸೋಜಿಗ. 1950ರ ದಶಕದಲ್ಲಿ ರಿಚರ್ಡ್ ವಿಟ್‌ಕಾಂಬ್ ಎಂಬ ಎಂಜಿನಿಯರ್ ಒಂದು ವಿಷಯ ಕಂಡುಹಿಡಿದರು. ಶಬ್ದದ ವೇಗದ ಹತ್ತಿರ ಹಾರುವ ವಿಮಾನಕ್ಕೆ ರೆಕ್ಕೆ ಸೇರುವ ಜಾಗದಲ್ಲಿ ನಡು ಸಣ್ಣ ಮಾಡಿದರೆ ಗಾಳಿಯ ತಡೆ ಕಡಿಮೆಯಾಗುತ್ತದೆ. ವಿಮಾನಕ್ಕೆ ಅದು ಲೆಕ್ಕಾಚಾರ. ಕಾರಿಗೆ ಬರೀ ಸೊಗಸು, ಗಾಳಿಗೆ ಅದರಿಂದ ಏನೂ ಉಪಕಾರವಿಲ್ಲ. ಆ ಬಾಟಲಿಯಾದರೂ ಎಲ್ಲಿಂದ ಬಂತು? 1915ರಲ್ಲಿ ಇಂಡಿಯಾನಾದ ಟೆರ್ ಹೋಟ್ ಊರಿನ ಗಾಜಿನ ಕಾರ್ಖಾನೆಯೊಂದು ಕೋಕೋ ಕಾಯಿಯ ಚಿತ್ರ ನೋಡಿ ಮಾಡಿದ್ದು. ಕೋಕಾ ಕೋಲಾದಲ್ಲಿ ಕೋಕೋ ಇರುವುದೇ ಇಲ್ಲ!

ಕನ್ನಡದಲ್ಲಿ ಏನನ್ನೋಣ? ಗೋಲಿ ಸೋಡಾ ಬಾಟಲಿಗೂ ಒಂದು ಹಿಸುಕು ಇದೆ, ಆದರೆ ಅದು ಕುತ್ತಿಗೆಯಲ್ಲಿ. ಬುಡುಬುಡಿಕೆಯ ನಡು ಸಣ್ಣ ನಿಜ, ಕಾರನ್ನು ಅಷ್ಟು ಹಿಂಡಿದರೆ ಮುರಿದೇ ಹೋಗುತ್ತದೆ. ‘ಕಣಜದ ನಡು’ ಅಂತ ಬರೆದೆ. ತಕ್ಷಣ ಭತ್ತ ತುಂಬಿದ ಕಣಜ ಕಣ್ಣ ಮುಂದೆ ಬಂತು, ಪೂರಾ ಉಲ್ಟಾ ಅರ್ಥ. ಹಳೇ ಕಾವ್ಯದ ‘ಬಡನಡು’ ಇದೆಯಲ್ಲ, ಅದು ನನಗೆ ತುಂಬಾ ಹಿಡಿಸಿತು. ಕನ್ನಡದಲ್ಲಿ ನಡು ಅಂದರೆ ಸೊಂಟವೂ ಹೌದು, ಮಧ್ಯವೂ ಹೌದು. ಬಾಗಿಲು ಇರುವುದು ಮಧ್ಯದಲ್ಲೇ. ‘ಬಡನಡುವಿನ ಚಾರ್ಜರ್’ ಅಂದರೆ ಇಷ್ಟೂ ವಿಷಯ ಎರಡೇ ಪದದಲ್ಲಿ ಬಂದುಬಿಟ್ಟಿತು. ರಿಚರ್ಡ್ ಸಿಯಾಸ್ ಗೆರೆ ಎಳೆದ ಆ 1968ರ ಕಾರಿನಷ್ಟು ಚೆನ್ನಾಗಿ ಈ ಪದ ಯಾವುದಕ್ಕೂ ಕೂರುವುದಿಲ್ಲ. ಮೊದಲ ತಲೆಮಾರಿನ ಚಾರ್ಜರ್ ಅಷ್ಟಾಗಿ ಹೋಗದೆ ನಿಂತಿತ್ತು, ಈ ನಡು ಬಂದ ವರ್ಷ 96,000 ದಾಟಿತು.

ಬಿಡಿಭಾಗಗಳ ಪದ ಬೇಗ ಮುಗಿಸುತ್ತೇನೆ. ಅಮೆರಿಕದವರು ಹುಡ್ ಅನ್ನುವುದು ನಮಗೆ ಬಾನೆಟ್. ನಮ್ಮ ಹುಡ್ ಜೀಪಿನ ಮೇಲಿನ ಕ್ಯಾನ್ವಾಸ್. ಅವರ ಟ್ರಂಕ್ ನಮಗೆ ಡಿಕ್ಕಿ. ಮಸ್ಟಾಂಗ್‌ನ ಗುಟ್ಟೇ ‘ಉದ್ದ ಬಾನೆಟ್, ಗಿಡ್ಡ ಡಿಕ್ಕಿ’. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಹೀಗೆ ಹೇಳಿದರೆ ಯಾರಿಗೂ ವಿವರಣೆ ಬೇಡ. ಆದರೆ ಡಿಕ್ಕಿ ಹೊಡೆಯುವ ಡಿಕ್ಕಿ ಬೇರೆ. 1973ರ ಮಾದರಿಗಳಿಗೆ ಅಮೆರಿಕದ ಸರ್ಕಾರ ಒಂದು ನಿಯಮ ತಂದಿತು. ಗಂಟೆಗೆ 5 ಮೈಲಿ ವೇಗದಲ್ಲಿ ಮುಂದೆ ಡಿಕ್ಕಿಯಾದರೂ ದೀಪಗಳಿಗೆ, ಸುರಕ್ಷತೆಯ ಭಾಗಗಳಿಗೆ ಏನೂ ಆಗಬಾರದು. ಮುಂದಿನ ವರ್ಷ ಹಿಂಬದಿಗೂ ಅದೇ ವೇಗ. 1974ರ ಕಮಾರೊಗೆ ಅದರಿಂದಲೇ ದಪ್ಪ ಅಲ್ಯುಮಿನಿಯಂ ಬಂಪರ್ ಬಂದು ಕೂತಿತು, ನಾನು ಮೈಮಾಟ ಅಂತ ಹೊಗಳಿದ್ದ ಅದೇ ತಲೆಮಾರಿಗೆ. ‘ಡಿಕ್ಕಿಗೆ ಡಿಕ್ಕಿಯಾದರೂ’ ಅಂತ ಒಂದು ವಾಕ್ಯ ಬರೆದು, ನಕ್ಕು, ಹೊಡೆದುಹಾಕಿದೆ.

ಬಾನೆಟ್ ಮೇಲಿನ ಗಾಳಿ ಕಿಂಡಿಗೆ ‘ಹೊಳ್ಳೆ’ ಅಂತ ಇಟ್ಟಿದ್ದೇನೆ, ಮೂಗಿನ ಹೊಳ್ಳೆಯ ಹೊಳ್ಳೆ. 1964ರ ಜಿಟಿಒದ ಹೊಳ್ಳೆಗಳು ಬರೀ ತೋರಿಕೆಯವು, ಒಳಗೆ ದಾರಿಯೇ ಇಲ್ಲ. ಅದಕ್ಕೆ ‘ಸುಳ್ಳು ಹೊಳ್ಳೆ’. 1970ರ ಪ್ಲಿಮತ್ ‘ಕೂಡಾ’ ಕಾರಿನ ಹೊಳ್ಳೆ ಎಂಜಿನ್ನಿಗೇ ಅಂಟಿಕೊಂಡು ಬಾನೆಟ್ಟಿನ ತೂತಿನಿಂದ ಹೊರಗೆ ಬಂದಿರುತ್ತದೆ. ಎಂಜಿನ್ ಅದುರಿದರೆ ಅದೂ ಅದುರುತ್ತದೆ. ಅದು ‘ಅದುರು ಹೊಳ್ಳೆ’. ಮಾಡು ಬಾಲದವರೆಗೂ ಒಂದೇ ಇಳಿಜಾರಾಗಿ ಇಳಿಯುವ ಫಾಸ್ಟ್‌ಬ್ಯಾಕಿಗೆ ‘ಇಳಿಬೆನ್ನು’, ಡಿಕ್ಕಿ ಬೇರೆಯಾಗಿ ಕಾಣುವುದಕ್ಕೆ ‘ಮೆಟ್ಟಿಲುಬೆನ್ನು’. ಫೋರ್ಡ್‌ನವರೂ 1969ರಿಂದ ತಮ್ಮ ಇಳಿಬೆನ್ನನ್ನು ‘ಸ್ಪೋರ್ಟ್ಸ್‌ರೂಫ್’ ಅಂತ ಕರೆದರು, ನಾವೂ ಒಂದು ಹೆಸರಿಟ್ಟರೆ ಕೇಸು ಹಾಕಲಾರರು. ಹಿಂಚಕ್ರದ ಸುತ್ತಲಿನ ಪಕ್ಕದ ತಗಡು, ಅಂದರೆ ಕ್ವಾರ್ಟರ್ ಪ್ಯಾನೆಲ್ ಒಂದನ್ನು ಮಾತ್ರ ಮುಟ್ಟಲಿಲ್ಲ. ಕ್ವಾರ್ಟರ್ ಅಂದ ಕೂಡಲೇ ನಮ್ಮ ಜನರ ಗಮನ ಬೇರೆ ಕಡೆ ಹೋಗುತ್ತದೆ.

ಕೊನೆಗೆ ಮತ್ತೆ ಅಪ್ಪನ ಪದ. ಹಿಂಚಕ್ರದ ಮೇಲೆ ಉಬ್ಬಿ ನಿಲ್ಲುವ ಆ ಭಾಗಕ್ಕೆ ‘ಚಪ್ಪೆ’ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ತುಮಕೂರು ಸೀಮೆಯಲ್ಲಿ ದನ ಕೊಳ್ಳುವವರು ಮೊದಲು ಕೈಯಿಟ್ಟು ನೋಡುವ ಜಾಗ ಅದು. ಕರಡನ್ನು ಮಂಗಳೂರು ಕಡೆಯ ಗೆಳೆಯರೊಬ್ಬರಿಗೆ ಕಳಿಸಿದ್ದೆ. ‘ಚಾರ್ಜರ್‌ನ ಚಪ್ಪೆಯೇ ಅದರ ಹೆಗ್ಗಳಿಕೆ’ ಅನ್ನುವ ವಾಕ್ಯದ ಕೆಳಗೆ ಗೆರೆ ಎಳೆದು, "ಉಪ್ಪಿಲ್ಲದ ಕಾರನ್ನು ಇಷ್ಟು ಹೊಗಳುವುದು ಯಾಕೆ ಮಾರಾಯ್ರೆ?" ಅಂತ ಕೇಳಿದ್ದಾರೆ. ಅವರಲ್ಲಿ ಚಪ್ಪೆ ಅಂದರೆ ಸಪ್ಪೆ ಅಂತೆ. ಕರಾವಳಿಯವರು, ಮಲೆನಾಡಿನವರು ಹೇಳಿ. ಎತ್ತಿನ ಆ ಜಾಗಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ಬಡಗಣ ಕರ್ನಾಟಕದವರ ಪದವೂ ಬೇಕು. ಲೇಖನ ಕೊಡುವುದಕ್ಕೆ ಇನ್ನೂ ಎರಡು ವಾರ ಇದೆ.